ಮಗ್ಗದ ಕುಣಿ

ಇತಿಹಾಸದ ಪುಸ್ತಕಗಳಲ್ಲಿ ನಮ್ಮ ಸೊರಟೂರಿಗೆ ಒಂದು ಸಾಲಿನ ಸ್ಥಾನವುಂಟು. ೧೧೯೦ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳನೂ ಸೇವುಣರ ಭಿಲ್ಲಮನೂ ಇಲ್ಲಿ ಕಾದಿದರು, ಬಲ್ಲಾಳನಿಗೆ ಜಯವಾಯಿತು. ನಮ್ಮ ಕಾಲೇಜಿನ ಇತಿಹಾಸದ ಅಧ್ಯಾಪಕ ಮಿತ್ರರೊಬ್ಬರು ಇದೇ ಕಾರಣಕ್ಕಾಗಿ, ನಾನು ಬೆಳಗಿನ ಬಸ್ಸಿನಿಂದಿಳಿದು ಬೆವರೊರಸಿಕೊಳ್ಳುತ್ತ ಒಳಗೆ ಬಂದಾಗಲೆಲ್ಲ, "ಏನು ಸರ್, ರಣರಂಗದಿಂದ ಬಂದಿರೇನು?" ಎಂದು ಕೇಳುತ್ತಾರೆ. ನಾನೂ ನಗುತ್ತಿದ್ದೆ. ಈಚೆಗೆ ಆ ಮಾತಿಗೆ ಮೊದಲಿನಷ್ಟು ನಗು ಬರುವುದಿಲ್ಲ. ನಾನು ರಣರಂಗದಿಂದ ಬರುತ್ತಿದ್ದುದು ನಿಜವೇ. ಆದರೆ ಅಲ್ಲಿ ಕಾದುವವನು ನಾನಾಗಿರಲಿಲ್ಲ. ಕಾದುವವರನ್ನು ಒಳಗೆ ಬಿಟ್ಟು, ರೊಟ್ಟಿಯ ಗಂಟನ್ನು ಹಿಡಿದು ಏಳೂವರೆಯ ಬಸ್ಸು ಹತ್ತಿ ಪಾರಾಗಿ ಬರುವವನು ನಾನು.

ವಿಷಯವನ್ನು ಒಡೆದು ಹೇಳುತ್ತೇನೆ. ನನ್ನ ಮಡದಿ ಒಂದು ಕಂಪನಿಯ ಲೆಕ್ಕಪತ್ರದ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. ಅವಳ ಕಚೇರಿ ನಮ್ಮ ಮನೆಯೊಳಗೇ ಇದೆ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರೂವರೆಯವರೆಗೆ ಲ್ಯಾಪ್‌ಟಾಪಿನ ಮುಂದೆ ಕುಳಿತು ಅವಳು ಬೆಂಗಳೂರಿನ ಲೆಕ್ಕಗಳನ್ನು ಸೊರಟೂರಿನಲ್ಲಿ ಸರಿಪಡಿಸುತ್ತಾಳೆ. ಇದನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? 'ಮನೆಗೆಲಸ' ಎನ್ನೋಣವೆಂದರೆ ಆ ಪದವನ್ನು ಹಿರಿಯರು ಬೇರೊಂದು ಅರ್ಥಕ್ಕೆ ಮೀಸಲಿಟ್ಟುಬಿಟ್ಟಿದ್ದಾರೆ. ಮನೆಯ ಕೆಲಸ, ಮನೆಗೆಲಸ, ತತ್ಪುರುಷ ಸಮಾಸ, ಕಕಾರಕ್ಕೆ ಗಕಾರ ಬಂದುದರಿಂದ ಆದೇಶಸಂಧಿ. ಇದನ್ನು ನಾನು ಇಪ್ಪತ್ತು ವರ್ಷಗಳಿಂದ ಹಲಗೆಯ ಮೇಲೆ ಬರೆದು ತೋರಿಸಿದ್ದೇನೆ. ಆದರೆ 'ಮನೆಯ ಕೆಲಸ' ಬೇರೆ, 'ಮನೆಯಲ್ಲಿ ಕೆಲಸ' ಬೇರೆ, 'ಮನೆಯಿಂದ ಕೆಲಸ' ಮತ್ತೂ ಬೇರೆ. ಷಷ್ಠಿ ಸಪ್ತಮಿಗಳ ಅಂತರವನ್ನು ವಿದ್ಯಾರ್ಥಿಗಳಿಗೆ ತಿಳಿಸಿಕೊಟ್ಟ ನನಗೆ, ಒಂದೇ ಹೆಣ್ಣು ಒಂದೇ ಸೂರಿನ ಕೆಳಗೆ ಈ ಎಲ್ಲ ವಿಭಕ್ತಿಗಳನ್ನೂ ಏಕಕಾಲಕ್ಕೆ ಹೊತ್ತು ನಡೆಯುತ್ತಿರುವುದು ಬಹಳ ದಿನ ಕಣ್ಣಿಗೆ ಬೀಳಲಿಲ್ಲ.

ನಾವು ಮೊದಲು ಹುಬ್ಬಳ್ಳಿಯಲ್ಲಿದ್ದೆವು. ಅವಳ ಕಚೇರಿ ಅಲ್ಲಿಯೇ ಇತ್ತು. ನಾನು ಗದಗಿಗೆ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ೨೦೨೦ರ ಮಾರ್ಚ್ ೨೪ರ ರಾತ್ರಿ ದೇಶಕ್ಕೆಲ್ಲ ಇಪ್ಪತ್ತೊಂದು ದಿನಗಳ ಬೀಗಮುದ್ರೆ ಬಿದ್ದಿತಷ್ಟೆ. ಅದಕ್ಕೆ ಒಂದು ವಾರ ಮೊದಲೇ, ಕಾಲೇಜಿಗೆ ರಜೆ ಸಾರಿದ್ದರಿಂದ, ನಾವು ಮಕ್ಕಳೊಡನೆ ಸೊರಟೂರಿಗೆ ಬಂದಿದ್ದೆವು. ತಂದೆಯವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವ್ವ ಒಬ್ಬಳೇ ಇದ್ದಳು. ನಾಲ್ಕು ದಿನಕ್ಕೆಂದು ಕಟ್ಟಿ ತಂದ ಗಂಟನ್ನು ನಾವು ಮತ್ತೆ ಕಟ್ಟಲೇ ಇಲ್ಲ. ಆಗ ಎಲ್ಲ ಕಚೇರಿಗಳಂತೆ ಅವಳ ಕಚೇರಿಯೂ ಮನೆ ಹೊಕ್ಕಿತು. ಉಳಿದವರ ಕಚೇರಿಗಳು ಹಿಂದಿರುಗಿ ಹೋದವು, ಅವಳದು ಹೋಗಲಿಲ್ಲ. ಕಂಪನಿಯವರು ಹುಬ್ಬಳ್ಳಿಯ ಬಾಡಿಗೆಯ ಕಟ್ಟಡವನ್ನೇ ಬಿಟ್ಟುಕೊಟ್ಟರು. ನಮ್ಮೆಲ್ಲರಿಗೂ ಅದು ಭಾಗ್ಯವೆಂದೇ ತೋರಿತು. ಅವ್ವನ ಬಳಿ ಒಬ್ಬರು ಇದ್ದಂತಾಯಿತು, ಬಾಡಿಗೆ ಉಳಿಯಿತು, ಸಂಬಳವೂ ಬರುತ್ತದೆ. ಇನ್ನೇನು ಬೇಕು?

ಆ ವರ್ಷ ನಾನೂ ಮನೆಯಿಂದಲೇ ಪಾಠ ಹೇಳಿದವನು. ಆ ಕಥೆಯನ್ನು ಇಲ್ಲಿ ಹೇಳದೆ ಮುಂದೆ ಹೋದರೆ ನ್ಯಾಯವಾಗದು. ನಮ್ಮದು ಮಣ್ಣಿನ ಮಾಳಿಗೆಯ ಹಳೆಯ ಮನೆ. ಮೇಲೆ ತಂದೆಯವರು ತಮ್ಮ ಪುಸ್ತಕಗಳಿಗಾಗಿ ಕಟ್ಟಿಸಿದ ಒಂದೇ ಒಂದು ಕೋಣೆ. ಅದಕ್ಕೆ ಬಾಗಿಲು, ಚಿಲಕ, ಕಪ್ಪತಗುಡ್ಡದ ಕಡೆಗೆ ತೆರೆಯುವ ಕಿಟಕಿ. ಮೊಬೈಲಿಗೆ ಅಲೆಗಳು ಸರಿಯಾಗಿ ಸಿಗುತ್ತಿದ್ದುದು ಅಲ್ಲಿ ಮಾತ್ರ. ನಾನು ಅಲ್ಲಿ ಕುಳಿತು ಕುಮಾರವ್ಯಾಸನನ್ನು ಪಾಠ ಹೇಳುವೆ. ನನ್ನ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಮಾಳಿಗೆ ಹತ್ತಿಯೋ ಬೇವಿನ ಗಿಡದ ಕೆಳಗೆ ಕುಳಿತೋ ಕೇಳುವರು. ನಾನು ಮೆಟ್ಟಿಲು ಏರುತ್ತಿರುವಾಗಲೇ ಕೆಳಗೆ ಅವ್ವನ ಆಜ್ಞೆ ಹೊರಡುತ್ತಿತ್ತು: "ಏ ಹುಡುಗರ್ಯಾ, ಗದ್ದಲ ಮಾಡಬ್ಯಾಡ್ರಿ. ಅಪ್ಪ ಪಾಠಾ ಹೇಳಾಕತ್ತಾನ." ಕುಕ್ಕರಿನ ಸೀಟಿಗೂ ಆ ಒಂದು ಗಂಟೆ ಅಪ್ಪಣೆಯಿರಲಿಲ್ಲ. ಮಧ್ಯದಲ್ಲಿ ಒಂದು ಬಟ್ಟಲು ಚಹ ಬಾಗಿಲ ಸಂದಿಯಿಂದ ಒಳಗೆ ಸರಿದು ಬರುತ್ತಿತ್ತು. ತಂದ ಕೈಯನ್ನು ನಾನು ನೋಡಿದ್ದುಂಟೋ ಇಲ್ಲವೋ ನೆನಪಿಲ್ಲ. ಆ ಕೈಯ ಒಡತಿಗೂ ಅದೇ ಹೊತ್ತಿನಲ್ಲಿ ಕಚೇರಿಯಿತ್ತು.

ಅವಳು ಕುಳಿತಿದ್ದುದು ನಡುಮನೆಯಲ್ಲಿ, ಅಡಿಗೆಮನೆಯ ಬಾಗಿಲಿಗೆ ಮಗ್ಗುಲಾಗಿ. ಅಲೆಗಳು ಅಲ್ಲಿ ಅರ್ಧಕ್ಕರ್ಧ. ತಂತಿಯ ಸಂಪರ್ಕ ಬಂದು ಮನೆಯ ಮೂಲೆಮೂಲೆಗೂ ಸಮನಾಗಿ ಹರಿದ ಮೇಲೂ, ನಾನು ಕಾಲೇಜಿಗೆ ಮರಳಿ ಮೇಲಿನ ಕೋಣೆ ದಿನವಿಡೀ ಬರಿದಾಗಿ ಬಿದ್ದಿದ್ದಾಗಲೂ, ಅವಳು ಅಲ್ಲಿಯೇ ಕುಳಿತಳು. ಒಲೆಯ ಮೇಲಿನ ಹಾಲು ಅಲ್ಲಿಂದ ಕಾಣುತ್ತದೆ, ಅವ್ವ ಕರೆದರೆ ಕೇಳುತ್ತದೆ, ಬಾಗಿಲಿಗೆ ಬಂದವರಿಗೆ ಓಗೊಡಬಹುದು ಎಂಬುದು ಕಾರಣ. ಮೇಲಿನ ಕೋಣೆ 'ಮಾಸ್ತರರ ಕೋಣೆ'. ಅಲ್ಲಿ ನನ್ನ ಪುಸ್ತಕಗಳು ಕುಳಿತಿದ್ದವು. ಪುಸ್ತಕಗಳಿಗೆ ಬಾಗಿಲಿತ್ತು, ಅವಳಿಗೆ ಇರಲಿಲ್ಲ.

ಅವಳ ದಿನ ಐದು ಗಂಟೆಗೆ ಆರಂಭವಾಗುತ್ತದೆ. ಅಂಗಳ, ನೀರು, ರೊಟ್ಟಿ, ಮಕ್ಕಳ ಡಬ್ಬಿ, ನನ್ನ ಡಬ್ಬಿ, ಅವ್ವನ ಸ್ನಾನ, ಅವ್ವನ ಗುಳಿಗೆ, ಒಂಬತ್ತೂವರೆಗೆ ಲ್ಯಾಪ್‌ಟಾಪ್. ಹನ್ನೊಂದಕ್ಕೆ ತರಕಾರಿಯವಳು ಕೂಗುತ್ತಾಳೆ. ಹನ್ನೆರಡಕ್ಕೆ ನೆರೆಯವರು, "ವೈನಿ, ನೀವು ಮನಿಯಾಗ ಇರ್ತೀರಲ್ಲಾ, ನಮ್ಮ ಪಾರ್ಸಲ್ ಬಂದ್ರ ತಗೊಂಡಿಡ್ರಿ" ಎಂದು ಹೇಳಿಹೋಗುತ್ತಾರೆ. ಒಂದಕ್ಕೆ ಅವ್ವನ ಊಟ. ನಾಲ್ಕೂವರೆಗೆ ಮಗ, ಅವನ ಹಿಂದೆಯೇ ಮಗಳು, ಇಬ್ಬರ ಹಸಿವು. ಆರೂವರೆಗೆ ಕಚೇರಿ ಮುಗಿಯಬೇಕು. ಆದರೆ ಮನೆಯಲ್ಲಿಯೇ ಇರುವವರನ್ನು ಎಂಟಕ್ಕೆ ಕರೆದರೇನು, ಒಂಬತ್ತಕ್ಕೆ ಕರೆದರೇನು ಎಂದು ಮೇಲಧಿಕಾರಿಗಳಿಗೂ ತೋರಿತು. ನೆರೆಯವರಿಗೆ ಅವಳು ಮನೆಯಲ್ಲಿದ್ದಾಳೆ, ಆದ್ದರಿಂದ ಬಿಡುವಾಗಿದ್ದಾಳೆ. ಕಚೇರಿಗೂ ಅವಳು ಮನೆಯಲ್ಲಿದ್ದಾಳೆ, ಆದ್ದರಿಂದ ಬಿಡುವಾಗಿದ್ದಾಳೆ. ಎರಡು ಕಡೆಯ ಬಿಡುವೂ ಸೇರಿ ಅವಳಿಗೆ ಕುಳ್ಳಿರಲು ಒಂದು ಗಳಿಗೆ ಉಳಿಯುತ್ತಿರಲಿಲ್ಲ.

ಇದು ನಮ್ಮ ಒಂದು ಮನೆಯ ಮಾತಲ್ಲ. ಜನರು ತಮ್ಮ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದನ್ನು ಕೇಂದ್ರ ಸರಕಾರದವರು ೨೦೧೯ರಲ್ಲಿ ದೇಶದಾದ್ಯಂತ ಅಳೆದು ನೋಡಿದರು. ಸಂಬಳವಿಲ್ಲದ ಮನೆಗೆಲಸದಲ್ಲಿ ಕೈಹಾಕುವವರು ಹೆಂಗಸರಲ್ಲಿ ನೂರಕ್ಕೆ ೮೧, ಗಂಡಸರಲ್ಲಿ ನೂರಕ್ಕೆ ೨೬. ಹಾಗೆ ಕೈಹಾಕಿದ ಹೆಂಗಸರು ಅದಕ್ಕಾಗಿ ದಿನಕ್ಕೆ ಸರಾಸರಿ ೨೯೯ ನಿಮಿಷಗಳನ್ನೂ ಗಂಡಸರು ೯೭ ನಿಮಿಷಗಳನ್ನೂ ವ್ಯಯಿಸುತ್ತಿದ್ದರು. ೨೦೨೪ರಲ್ಲಿ ಮತ್ತೊಮ್ಮೆ ಅಳೆದಾಗ ಹೆಂಗಸರದು ೨೮೯ಕ್ಕೆ ಇಳಿದಿತ್ತು. ಹತ್ತು ನಿಮಿಷಗಳ ವಿಶ್ರಾಂತಿ ದೊರೆಯಿತೆಂದು ಸಂತೋಷಪಡುವಷ್ಟರಲ್ಲಿ, ಗಂಡಸರದೂ ೮೮ಕ್ಕೆ ಇಳಿದಿತ್ತು. ಈ ಎರಡು ಅಳತೆಗಳ ನಡುವೆಯೇ ಲಕ್ಷಾಂತರ ಜನರ ಉದ್ಯೋಗಗಳು ಮನೆಯೊಳಗೆ ಬಂದು ಹೋದುವೆಂಬುದನ್ನು ನೆನೆದರೆ, ಗಂಡಸು ಮನೆಯಲ್ಲಿ ಕುಳಿತ ಮಾತ್ರಕ್ಕೆ ಮನೆಯ ಭಾರ ಹಗುರಾಗುವುದೆಂಬ ಭರವಸೆ ನಿಲ್ಲುವುದಿಲ್ಲ. ಮಾಳಿಗೆಯ ಮೇಲೆ ಕುಳಿತಿದ್ದ ನನ್ನ ಸಾಕ್ಷ್ಯವೂ ಅದನ್ನೇ ಹೇಳುತ್ತದೆ.

ಇನ್ನು ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ.

ಅಂದು ಮಾರ್ಚ್ ೩೧. ಲೆಕ್ಕದವರಿಗೆ ಅದು ವರ್ಷದ ಅತಿ ಕಠಿಣವಾದ ದಿನ. ನಾನು ಗದಗಿನಲ್ಲಿ ಅಧ್ಯಾಪಕರ ಕೋಣೆಯಲ್ಲಿ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಕುಳಿತಿದ್ದೆ. ಮೂರು ಗಂಟೆಯ ಸುಮಾರಿಗೆ ಮೊಬೈಲು ನುಡಿಯಿತು. ಅವ್ವ ಬಚ್ಚಲಿನಲ್ಲಿ ಜಾರಿ ಬಿದ್ದಿದ್ದಾಳೆ, ಬಲಗೈ ಊದಿಕೊಂಡಿದೆ, ಬಾಡಿಗೆಯ ಕಾರು ಮಾಡಿಕೊಂಡು ಗದಗಿಗೆ ಕರೆತರುತ್ತಿದ್ದೇನೆ, ಎಂದಳು. ಬಿದ್ದದ್ದು ಯಾವಾಗ ಎಂದೆ. ತಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಚೇರಿಯವರೊಡನೆ ಮಾತಿನಲ್ಲಿದ್ದೆ, ಅವ್ವ ಕೂಗಿದ್ದು ಹತ್ತು ಹದಿನೈದು ನಿಮಿಷ ಕೇಳಿಸಲಿಲ್ಲ, ಎಂದಳು. ಅವಳ ದನಿ ನಡುಗುತ್ತಿತ್ತು. ಅದಕ್ಕೆ ನಾನು ಕೊಟ್ಟ ಉತ್ತರ, ಎಂ.ಎ. ಮಾಡಿದ, ನಾಲ್ಕು ಜನರಿಗೆ ಮಾತಿನ ಬೆಲೆಯನ್ನು ಕಲಿಸಿಕೊಡುವ ನಾನು ಕೊಟ್ಟ ಉತ್ತರ, ಇದು:

"ನೀನು ಮನೆಯಲ್ಲೇ ಇದ್ದೆಯಲ್ಲ?"

ಆ ಕಡೆ ಮಾತು ನಿಂತಿತು. ಕಾರಿನ ಸದ್ದು ಮಾತ್ರ ಕೇಳಿಸಿತು. ಆಮೇಲೆ ಮೊಬೈಲು ಕಡಿದುಹೋಯಿತು.

ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತ್ತು. ಪಟ್ಟಿ ಹಾಕಿಸಿಕೊಂಡು ರಾತ್ರಿ ಊರಿಗೆ ಬಂದೆವು. ದಾರಿಯುದ್ದಕ್ಕೂ ಅವಳು ಒಂದು ಮಾತನ್ನೂ ಆಡಲಿಲ್ಲ. ಮಕ್ಕಳು ಮಲಗಿದ ಮೇಲೆ ನಡುಮನೆಯ ತನ್ನ ಮೂಲೆಯಲ್ಲಿ ಕುಳಿತು ಏನನ್ನೋ ಬರೆಯುತ್ತಿದ್ದಳು. ನೀರು ಕುಡಿಯಲು ಎದ್ದವನು ಅವಳ ಹೆಗಲ ಮೇಲಿನಿಂದ ನೋಡಿದೆ. ಅದು ರಾಜೀನಾಮೆಯ ಪತ್ರ. ಹದಿನಾಲ್ಕು ವರ್ಷಗಳ ಉದ್ಯೋಗವನ್ನು ಆರು ಸಾಲುಗಳಲ್ಲಿ ಮುಗಿಸಿದ್ದಳು. ಅದನ್ನು ಓದಿದ ಒಂದು ಗಳಿಗೆ ನನಗೆ ನೆಮ್ಮದಿಯೇ ಆಯಿತೆಂಬುದನ್ನು ಮುಚ್ಚಿಡಲಾರೆ. ಹೇಗೂ ನನ್ನ ಸಂಬಳವಿದೆ, ಅವ್ವನಿಗೆ ಆಸರೆಯಾಗುತ್ತದೆ, ಎಂದು ಮನಸ್ಸು ಲೆಕ್ಕ ಹಾಕಿತು. ಅವಳ ಲೆಕ್ಕವನ್ನು ಅದು ಹಾಕಲಿಲ್ಲ.

ಆಗ ಮಂಚದ ಮೇಲಿನಿಂದ ಅವ್ವನ ದನಿ ಬಂದಿತು. ನಿದ್ದೆ ಹತ್ತಿರಲಿಲ್ಲವೆಂದು ತೋರುತ್ತದೆ.

"ತಮ್ಮಾ, ನೀ ಫೋನಿನ್ಯಾಗ ಆಕಿಗೆ ಏನಂದಿ? ಕಾರಿನ್ಯಾಗ ನನಗೂ ಕೇಳಿಸ್ತು."

ನಾನು ಸುಮ್ಮನಿದ್ದೆ.

"ಮನಿಯಾಗ ಇದ್ದಿಯಲ್ಲಾ ಅಂದಿ. ಆಕಿ ಮನಿಯಾಗ ಎಲ್ಲಿದ್ಳೋ? ಆಕಿ ಕುಣಿಯಾಗ ಇದ್ಳು."

ಈ ಮಾತು ಅರ್ಥವಾಗಬೇಕಾದರೆ ವಾಚಕರು ನನ್ನೊಡನೆ ಒಂದು ಗಳಿಗೆ ಬೆಟಗೇರಿಗೆ ಬರಬೇಕು. ಗದಗ ಮತ್ತು ಬೆಟಗೇರಿ ಅಂಟಿಕೊಂಡ ಅವಳಿ ಊರುಗಳು. ಬೆಟಗೇರಿಯ ಹೆಸರನ್ನು ಹೊರಗಿನವರಿಗೆ ತಿಳಿಸಿದ್ದು ಅಲ್ಲಿಯ ಕೈಮಗ್ಗದ ಸೀರೆ. ನಮ್ಮ ಮನೆತನವೂ ಅಲ್ಲಿಯ ನೇಕಾರರದೇ. ತಂದೆಯವರು ಮಗ್ಗ ಬಿಟ್ಟು ಪ್ರಾಥಮಿಕ ಶಾಲೆಯ ಶಿಕ್ಷಕರಾಗಿ ಸೊರಟೂರಿಗೆ ಬಂದು ನೆಲೆಸಿದರು. ಬೇಸಗೆಯ ರಜೆಯಲ್ಲಿ ನಾನು ಅಜ್ಜನ ಮನೆಗೆ ಹೋಗುತ್ತಿದ್ದೆ. ಆ ಮನೆಯ ಪಡಸಾಲೆಯ ಮುಕ್ಕಾಲು ಪಾಲನ್ನು ಮಗ್ಗವೇ ನುಂಗಿತ್ತು. ನೆಲದಲ್ಲಿ ಅಗೆದ ಒಂದು ಕುಣಿ. ಅದರ ಅಂಚಿನ ಮೇಲೆ ಕುಳಿತು ಎರಡೂ ಕಾಲುಗಳನ್ನು ಒಳಗೆ ಇಳಿಬಿಟ್ಟು, ಅಜ್ಜ ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದರಂತೆ ತುಳಿಯುವನು. ಹಾಸಿನ ಎಳೆಗಳು ಬಾಯ್ದೆರೆಯುವುವು; ಆ ಬಾಯೊಳಗೆ ಲಾಳಿ ಓಡುವುದು; ಹಣಿಗೆ ಬಂದು ಹೊಕ್ಕಿನ ಎಳೆಯನ್ನು ಬಡಿದು ಕೂಡಿಸುವುದು. ನೆಲದ ತಂಪಿಗೆ ನೂಲು ಹದವಾಗಿ ಎಳೆ ಹರಿಯುವುದು ಕಡಿಮೆಯೆಂದು ಅಜ್ಜ ಹೇಳುತ್ತಿದ್ದ.

ಆ ಕುಣಿಗೆ ಇನ್ನೊಂದು ಗುಣವಿತ್ತು. ಅಜ್ಜ ಅದರೊಳಗೆ ಕಾಲಿಟ್ಟನೆಂದರೆ ಮನೆಯಲ್ಲಿ ಇಲ್ಲದವನೇ ಸರಿ. ಅಡಿಗೆಮನೆ ಹತ್ತು ಹೆಜ್ಜೆಯ ಆಚೆಗಿತ್ತು, ತೊಟ್ಟಿಲು ಐದು ಹೆಜ್ಜೆಯ ಈಚೆಗಿತ್ತು. ಆದರೂ ಅಜ್ಜ ಅಲ್ಲಿರಲಿಲ್ಲ. ಬಾಗಿಲಿಗೆ ಬಂದವರು "ಯಜಮಾನರು ಅದಾರೇನ್ರಿ?" ಎಂದರೆ, ಅಜ್ಜಿ, "ಕುಣಿಯಾಗ ಅದಾರ್ರಿ" ಎನ್ನುವಳು. ಬಂದವರು ಕಟ್ಟೆಯ ಮೇಲೆ ಕುಳಿತು ಕಾಯುವರು, ಇಲ್ಲವೇ ಹೋಗಿ ಮತ್ತೊಮ್ಮೆ ಬರುವರು. ಎಳೆ ಹರಿದರೆ ಗಂಟು ಹಾಕಲು ಎಷ್ಟು ಹೊತ್ತು ಬೇಕೆಂಬುದನ್ನು ಆ ಓಣಿಯವರೆಲ್ಲ ಬಲ್ಲವರು. ಮಧ್ಯಾಹ್ನ ಅಜ್ಜ ಕುಣಿಯಿಂದ ಮೇಲೆದ್ದು ಕಾಲು ಕೊಡವಿದನೆಂದರೆ, ಆಗ ಅವನು ಇಡಿಯಾಗಿ ಮನೆಯವನು. ನಾವು ಅವನ ಬೆನ್ನು ಹತ್ತುತ್ತಿದ್ದೆವು. ಅಮಾವಾಸ್ಯೆಯ ದಿನ ಮಗ್ಗಕ್ಕೆ ಪೂಜೆ. ಅಂದು ಕುಣಿಗೆ ಯಾರೂ ಇಳಿಯುವಂತಿಲ್ಲ. ಮನೆಯೂ ಉದ್ಯೋಗವೂ ಒಂದೇ ಸೂರಿನ ಕೆಳಗೆ ಇರಬೇಕಾದರೆ ಅವುಗಳ ನಡುವೆ ಒಂದು ಎಲ್ಲೆ ಬೇಕು, ಆ ಎಲ್ಲೆಯನ್ನು ಮನೆಯವರೆಲ್ಲ ಕಾಣಬೇಕು, ಎಂಬುದನ್ನು ಮೊಳಕಾಲುದ್ದದ ಒಂದು ಕುಣಿ ಕಲಿಸಿಕೊಟ್ಟಿತ್ತು.

ಆದರೆ ಆ ರಾತ್ರಿ ಹಾಸಿಗೆಯ ಮೇಲೆ ಹೊರಳಾಡುತ್ತ ನೆನೆದಂತೆಲ್ಲ, ಅವ್ವ ನನ್ನ ಮಡದಿಯ ಬಗೆಗೆ ಆಡಿದ ಮಾತಿನಲ್ಲಿ ಕರುಣೆಯ ಪಾಲೇ ಹೆಚ್ಚೆಂದು ನನಗೆ ತೋರಿತು. ನಿಜಕ್ಕೂ ನನ್ನ ಮಡದಿಗೆ ಕುಣಿ ಎಲ್ಲಿತ್ತು? ಅಜ್ಜನ ಮನೆಯಲ್ಲಿಯೇ ಕುಣಿ ಇಲ್ಲದ ಇನ್ನೊಬ್ಬ ಕೆಲಸಗಾರಳಿದ್ದಳು. ಅಜ್ಜಿ ಅಡಿಗೆಮನೆಯ ಬಾಗಿಲಲ್ಲಿ ರಾಟಿ ಇಟ್ಟುಕೊಂಡು ಕಂಡಿಕೆ ಸುತ್ತುತ್ತಿದ್ದಳು. ಒಂದು ಕೈಯಲ್ಲಿ ರಾಟಿಯ ಹಿಡಿಕೆ, ಒಂದು ಕೈಯಲ್ಲಿ ನೂಲಿನ ಎಳೆ, ಕಾಲಿನ ಹೆಬ್ಬೆರಳಿಗೆ ತೊಟ್ಟಿಲಿನ ಹಗ್ಗ, ಕಣ್ಣು ಒಲೆಯ ಮೇಲೆ, ಕಿವಿ ಬಾಗಿಲ ಕಡೆಗೆ. ಅವಳ ಕಂಡಿಕೆ ಇಲ್ಲದೆ ಅಜ್ಜನ ಲಾಳಿ ಒಂದು ಗೇಣೂ ಓಡದು. ಆದರೂ ಅಜ್ಜಿಯನ್ನು ಯಾರೂ ಎಲ್ಲಿಂದಲೂ ಕರೆಯಬಹುದಾಗಿತ್ತು. ಅವಳು ಇಳಿಯುವ ಕುಣಿ ಇರಲಿಲ್ಲವಾದ್ದರಿಂದ ಮೇಲೇಳುವ ಹೊತ್ತೂ ಇರಲಿಲ್ಲ. ನೂಲು ಕೊಟ್ಟ ಸಾವಕಾರ ಸೀರೆ ಒಯ್ದು ಮಜೂರಿ ಎಣಿಸುವಾಗ ಹಣ ಅಜ್ಜನ ಕೈಗೆ ಬೀಳುತ್ತಿತ್ತು. ಅವ್ವನೂ ಮದುವೆಯಾದ ಹೊಸತರಲ್ಲಿ ಅದೇ ರಾಟಿಯ ಮುಂದೆ ಕುಳಿತವಳು. ಅವಳು ತನ್ನ ಸೊಸೆಗೆ, ತನಗೆ ಯಾರೂ ಕೊಡದಿದ್ದ ಕುಣಿಯನ್ನು ಮಾತಿನಲ್ಲಾದರೂ ಕೊಟ್ಟಿದ್ದಳು.

ಇಂದು ಲೆಕ್ಕ ತೆಗೆದರೆ ಈ ಚಿತ್ರ ಇನ್ನೂ ದೊಡ್ಡದಾಗುತ್ತದೆ. ೨೦೧೯-೨೦ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಂತೆ ನಮ್ಮ ದೇಶದಲ್ಲಿ ನೇಯುವವರೂ ಅದಕ್ಕೆ ಒದಗುವ ಕೆಲಸ ಮಾಡುವವರೂ ಸೇರಿ ೩೫ ಲಕ್ಷಕ್ಕೆ ಮಿಕ್ಕಿದ್ದಾರೆ. ಅವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಹೆಂಗಸರು. 'ಮನೆಯಿಂದ ಕೆಲಸ' ೨೦೨೦ರಲ್ಲಿ ಹುಟ್ಟಿದ ಕೂಸೆಂದು ನಾವು ಬಗೆದಿದ್ದೇವೆ. ಜೇಡರ ದಾಸಿಮಯ್ಯನೂ ಅವನ ಮಡದಿ ದುಗ್ಗಳೆಯೂ ನಗುವ ಮಾತಿದು. ನೇಯ್ಗೆಯ ಕಾಯಕದಲ್ಲಿ ಬಾಳಿದ ಆ ದಂಪತಿಗಳಿಬ್ಬರ ಹೆಸರಿನಲ್ಲಿಯೂ ವಚನಗಳು ಉಳಿದು ಬಂದಿವೆ. ಆದರೆ ದಾಸಿಮಯ್ಯನವು ನೂರಾರು, ದುಗ್ಗಳೆಯವು ಬೆರಳೆಣಿಕೆಯಷ್ಟು. ಕಾರಣವನ್ನು ಪಂಡಿತರು ಹುಡುಕಲಿ. ನನಗಂತೂ ಅಜ್ಜಿಯ ಹೆಬ್ಬೆರಳಿನ ಹಗ್ಗ ನೆನಪಾಗುತ್ತದೆ.

ಕುಣಿ ಸ್ಥಳದ ಎಲ್ಲೆಯಾಯಿತು. ಕಾಲದ ಎಲ್ಲೆಯ ಮಾತೇನು? ಅದಕ್ಕೂ ನಾವು ದೂರ ಹೋಗಬೇಕಾಗಿಲ್ಲ. ಗದಗಿನ ವೀರನಾರಾಯಣ ದೇವಾಲಯದಲ್ಲಿ ಕುಮಾರವ್ಯಾಸನು ಒರಗಿ ಕುಳಿತು ಭಾರತವನ್ನು ರಚಿಸಿದನೆಂದು ಹೇಳುವ ಕಂಬವನ್ನು ಇಂದಿಗೂ ತೋರಿಸುತ್ತಾರೆ. ಅವನ ಮನೆ ಕೋಳಿವಾಡದಲ್ಲಿ. ಕಾವ್ಯದ ಕೆಲಸ ಗದುಗಿನ ಗುಡಿಯಲ್ಲಿ. ಮಿಂದು ಒದ್ದೆಬಟ್ಟೆಯಲ್ಲಿ ಬಂದು ಕುಳಿತರೆ ಆ ಬಟ್ಟೆ ಆರುವವರೆಗೆ ಮಾತ್ರ ಕಾವ್ಯ ಹರಿಯುತ್ತಿತ್ತು, ಆರಿದೊಡನೆ ನಿಲ್ಲುತ್ತಿತ್ತು, ಎಂಬುದು ಐತಿಹ್ಯ. ಈ ಐತಿಹ್ಯವನ್ನು ನಾನು ಪ್ರತಿ ವರ್ಷವೂ ಭಕ್ತಿಯ ದೃಷ್ಟಾಂತವೆಂದು ಹೇಳುತ್ತ ಬಂದಿದ್ದೆ. ಈಗ ಅದರಲ್ಲಿ ಇನ್ನೊಂದು ವಿವೇಕ ಕಾಣುತ್ತಿದೆ. ಅಷ್ಟು ದೊಡ್ಡ ಭಾರತಕ್ಕೂ ಒಂದು ದಿನಕ್ಕೆ ಇಷ್ಟೇ ಎಂಬ ಮಿತಿಯಿತ್ತು. ಬಟ್ಟೆ ಆರಿತು, ಇಂದಿಗೆ ಸಾಕು.

ಹೊರಗಿನ ಲೋಕವೂ ಈ ಎರಡು ಎಲ್ಲೆಗಳನ್ನು ತಡವರಿಸಿ ಹುಡುಕುತ್ತಲೇ ಇದೆ. ಮನೆಯಲ್ಲಿ ಕುಳಿತು ದುಡಿಯುವವರನ್ನು ಉಳಿದ ಕೂಲಿಗಾರರ ಸಮಕ್ಕೆ ಕಾಣಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೯೬ರಲ್ಲಿಯೇ ಒಂದು ಒಡಂಬಡಿಕೆಯನ್ನು ಅಂಗೀಕರಿಸಿತು. ಅದಕ್ಕೆ ಸಹಿಯಿತ್ತ ದೇಶಗಳು ಕೆಲವೇ. ನಮ್ಮದು ಅವುಗಳಲ್ಲಿ ಸೇರಿಲ್ಲ. ೨೦೧೭ರ ಜನವರಿ ಒಂದರಿಂದ ಫ್ರಾನ್ಸಿನಲ್ಲಿ, ಕೆಲಸದ ವೇಳೆ ಮುಗಿದ ಮೇಲೆ ಕಚೇರಿಯ ಕರೆಗೆ ಓಗೊಡದಿರುವ ಹಕ್ಕಿನ ಕಾನೂನು ಜಾರಿಗೆ ಬಂದಿತು. ಅದೇ ವರ್ಷ ನಮ್ಮಲ್ಲಿ ಹೆರಿಗೆ ಸೌಲಭ್ಯದ ಕಾನೂನಿಗೆ ತಿದ್ದುಪಡಿಯಾಗಿ, ೨೬ ವಾರಗಳ ರಜೆಯ ತರುವಾಯ, ಕೆಲಸದ ಬಗೆ ನೋಡಿ, ಮಾಲಿಕನೂ ಒಪ್ಪಿದರೆ ತಾಯಿಯಾದವಳು ಮನೆಯಿಂದ ದುಡಿಯಬಹುದೆಂದಾಯಿತು. ಒಳ್ಳೆಯದೇ. ಆದರೆ ಆ ತಾಯಿ ಮನೆಯಲ್ಲಿ ಎಲ್ಲಿ ಕುಳಿತುಕೊಳ್ಳಬೇಕು, ಅವಳ ತೊಟ್ಟಿಲಿನ ಹಗ್ಗವನ್ನು ಆ ಹೊತ್ತಿಗೆ ಯಾರು ಹಿಡಿಯಬೇಕು ಎಂಬುದನ್ನು ಯಾವ ಕಾನೂನೂ ಬರೆಯಲಾರದು. ಅದನ್ನು ಮನೆಯವರೇ ಬರೆದುಕೊಳ್ಳಬೇಕು.

ನಾವು ಬರೆದುಕೊಂಡದ್ದು ಬಹಳವೇನಲ್ಲ. ಮರುದಿನ ನಾನು ಅವಳ ಕ್ಷಮೆ ಕೇಳಿದೆ. "ಕ್ಷಮಾ ಕೇಳೂದು ಇರಲಿ, ಈಗ ಮುಂದ ಏನು ಮಾಡೂಣು ಹೇಳ್ರಿ" ಎಂದಳು. ರಾಜೀನಾಮೆಯ ಪತ್ರವನ್ನು ಕಳಿಸಲಿಲ್ಲ, ಹರಿದೂ ಹಾಕಲಿಲ್ಲ. ಅದು ಇಂದಿಗೂ ಅವಳ ಲ್ಯಾಪ್‌ಟಾಪಿನಲ್ಲಿ ಇದೆಯೆಂದು ನಾನು ಬಲ್ಲೆ. ಮೊದಲ ಭಾನುವಾರವೇ ನನ್ನ ಪುಸ್ತಕಗಳು ಮೇಲಿನಿಂದ ಪಡಸಾಲೆಗೆ ಇಳಿದುವು. ಅವಳ ಮೇಜು ಮೇಲಕ್ಕೇರಿತು. ಬಚ್ಚಲಿಗೆ ಒರಟು ಕಲ್ಲು ಹಾಕಿಸಿ ಗೋಡೆಗೆ ಹಿಡಿಕೆ ಕೂಡಿಸಿದೆವು. ಹತ್ತರಿಂದ ಐದರವರೆಗೆ ಅವ್ವನ ಬಳಿ ಇರಲು ಓಣಿಯ ಒಬ್ಬ ಹೆಣ್ಣುಮಗಳನ್ನು ನೇಮಿಸಿದೆವು. ಆಕೆಯ ಸಂಬಳ ನನ್ನ ಸಂಬಳದಿಂದ ಹೋಗುತ್ತದೆ. ಆಕೆಗೂ ವೇಳೆಯ ಕಟ್ಟುಂಟು, ವಾರದ ರಜೆಯುಂಟು. ಇಲ್ಲವಾದರೆ ಒಬ್ಬಳ ರಾಟಿಯನ್ನು ಇನ್ನೊಬ್ಬಳ ಕೈಗೆ ದಾಟಿಸಿದಂತಾಗುತ್ತಿತ್ತಷ್ಟೆ. ಬೆಳಗಿನ ನೀರು, ಪಲ್ಯ, ಮಕ್ಕಳ ಡಬ್ಬಿ ನನ್ನ ಪಾಲಿಗೆ ಬಂದುವು. ರೊಟ್ಟಿ ಬಡಿಯಲು ಕಲಿತೆನೆಂದು ಹೇಳಿದರೆ ಆತ್ಮಸ್ತುತಿಯಾದೀತು. ನಾನು ಬಡಿದುದನ್ನು ನೋಡಿ ಮಗ, "ಅಪ್ಪಾ, ಇದು ಗದಗ ಜಿಲ್ಲೆಯ ನಕಾಶೆ" ಎಂದ. ಈಗ ಮಗನೇ ನನಗಿಂತ ದುಂಡಗೆ ಬಡಿಯುತ್ತಾನೆ.

ಎಲ್ಲವೂ ನೆಟ್ಟಗಾಯಿತೆಂದು ನಾನು ಹೇಳುತ್ತಿಲ್ಲ. ಆರೂವರೆಯ ಆಚೆಗೆ ಕರೆಯಬೇಡಿರೆಂದು ಅವಳು ತನ್ನ ಕಚೇರಿಗೆ ಬರೆದಳು. ವಾರದಲ್ಲಿ ಮೂರು ದಿನ ಅದು ನಡೆಯುತ್ತದೆ, ಎರಡು ದಿನ ನಡೆಯುವುದಿಲ್ಲ. ಪರೀಕ್ಷೆಯ ದಿನಗಳಲ್ಲಿ ನನ್ನ ಪಾಲಿನ ಕೆಲಸ ಮತ್ತೆ ಮೆಲ್ಲನೆ ಅವಳ ಕಡೆಗೆ ಜಾರುತ್ತದೆ. ಅವ್ವ ಮಂಚದ ಮೇಲಿನಿಂದಲೇ ಕೆಮ್ಮಿ ನನ್ನನ್ನು ಎಚ್ಚರಿಸುತ್ತಾಳೆ. ಆದರೆ ಒಂದು ಮಾತು ಮನೆಯಲ್ಲಿ ನೆಲೆಯೂರಿದೆ. ಮೇಲಿನ ಬಾಗಿಲು ಮುಚ್ಚಿತೆಂದರೆ ಅವಳು ಕುಣಿಯಲ್ಲಿದ್ದಾಳೆ.

ಮೊನ್ನೆ ಯಾವುದೋ ಸಮೀಕ್ಷೆಗಾಗಿ ಶಿಕ್ಷಕರೊಬ್ಬರು ಕಾಗದಗಳನ್ನು ಹಿಡಿದುಕೊಂಡು ಬಂದಿದ್ದರು. ಸಂಜೆ ಆರರ ಹೊತ್ತು. ನಾನು ಒಳಗೆ ಸೊಪ್ಪು ಸೋಸುತ್ತಿದ್ದೆ. ಬಾಗಿಲಿಗೆ ಹೋದವಳು ಮಗಳು.

"ಅವ್ವ ಅದಾರೇನವಾ ಮನಿಯಾಗ?"

"ಇಲ್ರಿ. ಕುಣಿಯಾಗ ಅದಾಳ್ರಿ."

ಶಿಕ್ಷಕರು ಗಾಬರಿಯಾದರು. ನಮ್ಮ ಕಡೆಗೆ ಕುಣಿ ಎಂದರೆ ಹೆಣ ಹೂಳುವ ಗುಂಡಿಯೂ ಹೌದು. ನಾನು ಕೈಯೊರಸಿಕೊಳ್ಳುತ್ತ ಹೊರಗೆ ಬಂದು, ಮಾಳಿಗೆಯ ಮೇಲಿನ ಬಾಗಿಲನ್ನು ತೋರಿಸಿ, ವಿಷಯವನ್ನು ತಿಳಿಸಿದೆ. ಅವರು ತಮ್ಮ ಕಾಗದದಲ್ಲಿ 'ಉದ್ಯೋಗ' ಎಂಬ ಮನೆಯ ಮೇಲೆ ಬೆರಳಿಟ್ಟು, "ಹಂಗಾರ ಇಲ್ಲಿ ಏನು ಬರೀಲಿ ಸರ್?" ಎಂದರು. ಹಿಂದೆ ಇಂಥ ಪ್ರಶ್ನೆಗೆ ನಾನು ಸಲೀಸಾಗಿ ಕೊಡುತ್ತಿದ್ದ ಉತ್ತರವೊಂದಿತ್ತು: ಮನೆಯಲ್ಲೇ ಇರುತ್ತಾಳೆ. ಅಂದು ನಾನು, "ಅವರನ್ನೇ ಕೇಳಿ ಬರೆದುಕೊಳ್ರಿ. ಇನ್ನರ್ಧ ತಾಸಿಗೆ ಬರ್ತಾರ" ಎಂದೆ. "ಆಗಲಿ ಸರ್, ಅವಸರ ಇಲ್ಲ" ಎಂದು ಅವರು ಕಟ್ಟೆಯ ಮೇಲೆ ಕುಳಿತರು. ನಾನು ಒಳಗೆ ಹೋಗಿ ಚಹಕ್ಕೆ ನೀರಿಟ್ಟೆ.